ಪನಾಸ್ ಹ್ನಾತೊವಿಚ್ ಕೇಳಿದ ಕಥೆ

ಆ ಕಾಲದಲ್ಲಿ ನಮ್ಮ ಪೊಲ್ಟಾವಾ ಪಟ್ಟಣದಲ್ಲಿ ಒಳ್ಳೆಯ ಪುಸ್ತಕ ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ಮೂಟೆಗಟ್ಟಲೆ ರದ್ದಿ ಕಾಗದ ಹೊತ್ತು ಸರ್ಕಾರಿ ಡಿಪೋಗೆ ಹಾಕಿದರೆ ಒಂದು ಚೀಟಿ, ಆ ಚೀಟಿಗೆ ಒಂದು ಪುಸ್ತಕ. ಪಕ್ಕದ ಕೋಣೆಯ ಜಿನೊವಿ ಚಳಿಗಾಲವಿಡೀ ನಮ್ಮೆಲ್ಲರ ಹಳೆಯ ಪತ್ರಿಕೆ ಕಾಡಿ ಬೇಡಿ ಒಯ್ದು ತಂದದ್ದು ಒಂದು ಕಥಾಸಂಕಲನ. ಬೇರೆ ಗ್ರಹಗಳ ಕಥೆ, ಇನ್ನೂ ಬಾರದ ಕಾಲದ ಕಥೆ. ಎಲ್ಲವೂ ನಕ್ಷತ್ರಗಳಾಚೆ ನಡೆಯುವಂಥವು, ಆದರೆ ಓದಿ ಮುಗಿಸಿದವರು ತಿರುಗಿ ನೋಡುತ್ತಿದ್ದದ್ದು ಅಕ್ಕಪಕ್ಕದವರ ಮುಖವನ್ನು. ಅದೇ ಅದರ ರುಚಿ. ವೃತ್ತಪತ್ರಿಕೆಯ ಹೊದಿಕೆ ಹಾಕಿಕೊಂಡು ಆ ಪುಸ್ತಕ ನಾವು ದುಡಿಯುತ್ತಿದ್ದ ಕಾರ್ಖಾನೆಯನ್ನೆಲ್ಲ ಸುತ್ತಿತು.

ಜನ ಮತ್ತೆ ಮತ್ತೆ ಓದಿದ್ದು ಹಕ್ಕಿಗಳ ಕಥೆ. ಆ ಗ್ರಹದಲ್ಲಿ ಮನೆಗೊಂದು ಹಕ್ಕಿ. ಮನೆಯವರು ಆಡಿದ್ದನ್ನೆಲ್ಲ ಅದು ಅಧಿಕಾರಿಯ ಕಿವಿಗೆ ಮುಟ್ಟಿಸುತ್ತದೆ. ಹೆದರಿದ ಜನ ಮಾತನ್ನೇ ಬಿಡುತ್ತಾರೆ, ಹೇಳಲು ಏನೂ ಇಲ್ಲದೆ ಹಕ್ಕಿಗಳೂ ಮೂಕವಾಗುತ್ತವೆ.

ಹೀಗಿರುವಾಗ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಪನಾಸ್ ಹ್ನಾತೊವಿಚ್ ಜಿನೊವಿಯನ್ನು ತಡೆದು, "ನಿಮ್ಮ ಹತ್ರ ಏನೋ ಪುಸ್ತಕ ಇದೆಯಂತೆ, ನನಗೂ ಕೊಡಿ" ಅಂದ. ಯಾರು ಏನಂದರು ಎಂದು ಮೇಲಿನವರಿಗೆ ತಿಳಿಸುವುದೇ ಅವನ ಕೆಲಸವೆಂದು ಎಲ್ಲರಿಗೂ ಗೊತ್ತು. ಜಿನೊವಿಗೆ ಕಾರ್ಖಾನೆಯಿಂದ ಎರಡು ಕೋಣೆಯ ಮನೆ ಮಂಜೂರಾಗಲು ಬಾಕಿಯಿದ್ದದ್ದೂ ಅವನ ಸಹಿಯೊಂದೇ. ಒಂದೇ ಕೋಣೆಯಲ್ಲಿ ಗಂಡ, ಹೆಂಡತಿ, ಅತ್ತೆ, ಅವಳಿ ಹೆಣ್ಣುಮಕ್ಕಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಪುಸ್ತಕ ಪನಾಸನ ಕೈ ಸೇರುವ ಮೊದಲೇ ಜಿನೊವಿಯ ಹೆಂಡತಿ ಮೆಲಾನಿಯಾ ಗಂಡನಿಗೂ ಹೇಳದೆ ಹಕ್ಕಿಗಳ ಕಥೆಯನ್ನು ಬ್ಲೇಡಿನಿಂದ ಕತ್ತರಿಸಿ ಒಲೆಗೆ ಹಾಕಿದಳು. "ಓದಿದರೆ ತಾನೇ ಅನುಮಾನ, ಯುಸ್ತಿನಾ ಅಕ್ಕಾ" ಅಂದಳು ನನಗೆ. ಹೌದೆಂದೆ. ಆದರೆ ನಮ್ಮ ಪುಸ್ತಕಗಳಲ್ಲಿ ಪರಿವಿಡಿ ಇರುವುದು ಕೊನೆಯ ಪುಟದಲ್ಲಿ. ಅದು ಅಲ್ಲೇ ಉಳಿಯಿತು.

ಭಾನುವಾರ ಮಧ್ಯಾಹ್ನ ನಾವಿಬ್ಬರೂ ಹಂಚಿಕೊಂಡ ಅಡುಗೆಮನೆಯಲ್ಲಿ ವರೆನಿಕಿ ಕಡುಬಿನ ಹೂರಣಕ್ಕೆ ಆಲೂಗಡ್ಡೆ ಹಿಸುಕುತ್ತಿದ್ದೆವು. ಜಿನೊವಿ ಮಕ್ಕಳನ್ನು ಕರೆದುಕೊಂಡು ನದಿಯ ಕಡೆ ಹೋಗಿದ್ದ. ಪನಾಸ್ ಪುಸ್ತಕ ಹಿಡಿದು ಬಂದು, ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ಮೆಲಾನಿಯಾ ಯುಖಿಮಿವ್ನಾ, ಇದರಲ್ಲಿ ಒಂದು ಕಥೆ ಇಲ್ಲ."

"ಅಯ್ಯೋ, ರದ್ದಿಗೆ ಕೊಡೋ ಪುಸ್ತಕ ಅಲ್ವಾ, ಪ್ರೆಸ್ಸಿನವರು ಪುಟ ಬಿಟ್ಟು ಹಾಗೇ ಹೊಲಿದುಬಿಡ್ತಾರೆ."

"ಕತ್ತರಿಸಿದ್ದು ಕಾಣ್ತದೆ. ನಾನು ಯಾವ ಫೈಲನ್ನೂ ಹಿಂದಿನಿಂದಲೇ ಓದೋದು. ಅಭ್ಯಾಸ." ಅವನು ಕೂತ. ಯಾರೂ ಕೂರಲು ಹೇಳಿರಲಿಲ್ಲ. "ಕ್ಯಾಂಟೀನಿನಲ್ಲಿ ಯಾರೋ ಹೇಳ್ತಾ ಇದ್ದರು. ಹಕ್ಕಿಗಳೆಲ್ಲ ಮೂಕ ಆದವು ಅನ್ನೋ ತನಕ ಕೇಳಿಸ್ತು. ನಾನು ಒಳಗೆ ಹೋದೆ, ಅವರು ಸೂಪ್ ಕುಡಿಯೋಕೆ ಶುರು ಮಾಡಿದರು. ಆಮೇಲೆ ಏನಾಯ್ತು?"

ಮೆಲಾನಿಯಾಳ ಕೈ ನಿಂತಿತು. "ಆಮೇಲೆ... ಅಧಿಕಾರಿ ಒಳ್ಳೆಯವನು, ಪನಾಸ್ ಹ್ನಾತೊವಿಚ್. ಜನ ಬಂದು ಹೂ ಕೊಟ್ಟರು. ಹಕ್ಕಿಗಳು ಮತ್ತೆ ಹಾಡಿದವು."

"ಲೆಕ್ಕಪತ್ರ ವಿಭಾಗದ ಸ್ತೆಫಾ, ಆ ಅಧಿಕಾರಿ ಶಾಲೆ ಕಟ್ಟಿಸಿದ ಅಂದಳು. ಹಲ್ಲಿನ ಡಾಕ್ಟರು, ಅವನಿಗೆ ಪದಕ ಸಿಕ್ತು ಅಂದರು." ಅವನು ನನ್ನತ್ತ ತಿರುಗಿದ. "ನೀವು?"

"ನನಗೆ ಕನ್ನಡಕ ಇಲ್ಲ, ನಾನು ಏನೂ ಓದಲ್ಲ" ಅಂದೆ. ಕನ್ನಡಕ ಮೂಗಿನ ಮೇಲೇ ಇತ್ತು.

ಅವನು ನಗಲಿಲ್ಲ, ಗದರಲೂ ಇಲ್ಲ. ಎದ್ದು ನಿಂತು, "ಮನೆಯ ಕಾಗದಕ್ಕೆ ಶುಕ್ರವಾರವೇ ಸಹಿ ಹಾಕಿದ್ದೇನೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನನಗೆ ಕಥೆ ಬೇಕಿತ್ತು, ಅಷ್ಟೇ" ಅಂದು ಹೊರಟ. ಮೆಲಾನಿಯಾ ಬಾಗಿಲು ಹಾಕಿ ಚಿಲಕ ಸರಿಸಿದಳು.

"ಸಹಿಯಂತೆ, ಸಹಿ. ಬಲೆ ಬೀಸಿದ, ನಾನು ಬೀಳಲಿಲ್ಲ" ಎಂದು ಪಿಸುಗುಟ್ಟಿದಳು. ನನಗೂ ಹಾಗೇ ಅನಿಸಿತು. ಬದಲಿಗೆ ಏನೂ ಕೇಳದೆ ಮಾಡಿದ ಉಪಕಾರವನ್ನು ಯಾರು ನಂಬುತ್ತಾರೆ?

ಆ ಕಥೆಯ ನಿಜವಾದ ಕೊನೆ ಇಷ್ಟೇ: ಮೌನ ತಾಳಲಾರದೆ ಅಧಿಕಾರಿ ಒಂದು ಮಾತಿಗಾಗಿ ಮನೆಮನೆಯ ಬಾಗಿಲು ತಟ್ಟುತ್ತಾ ಹೋಗುತ್ತಾನೆ, ಯಾರೂ ತೆರೆಯುವುದಿಲ್ಲ. ಅದನ್ನು ಪನಾಸನ ಮುಖಕ್ಕೆ ಹೇಳುವ ಗಂಡೆದೆ ನಮ್ಮೂರಲ್ಲಿ ಯಾರಿಗಿತ್ತು?

ಮೆಟ್ಟಿಲಿಳಿದು ಹೋಗುವ ಹೆಜ್ಜೆಯ ಸದ್ದು ಕೇಳಿಸಲಿಲ್ಲ. ಅವನು ಬಾಗಿಲಾಚೆಯೇ ನಿಂತಿದ್ದ. ಮೆಲಾನಿಯಾ ಬೆರಳನ್ನು ತುಟಿಗಿಟ್ಟಳು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ತಟ್ಟಿದ.

"ನನ್ನ ಟೋಪಿ" ಅಂದ.

ಟೋಪಿ ಮೇಜಿನ ಮೇಲೇ ಇತ್ತು. ನನಗೆ ಅಯ್ಯೋ ಪಾಪ ಅನಿಸಿತು, ಸುಳ್ಳೇಕೆ ಹೇಳಲಿ. ಅವನು ಮತ್ತೊಮ್ಮೆ ತಟ್ಟಿದ. ನಾವಿಬ್ಬರೂ ಚಿಲಕ ತೆಗೆಯದೆ ಕೂತೆವು.