ಫ್ಯಾನು ನಿಲ್ಲಿಸಿದ ಸಂಜೆ

ಅಕ್ಕನಿಗೂ ನನಗೂ ಕಚೇರಿಯೇ ಬದುಕು. ಅವಳದು ಫೈಲು, ಬೀಗದ ಕೈ, ಬುಕಿಂಗಿನ ಕಚೇರಿ. ನನ್ನದು ಹಾಡುವ ಕಚೇರಿ. ಊರಿನ ಸಂಗೀತ ಸಭಾಂಗಣಕ್ಕೆ ಅವಳೇ ವ್ಯವಸ್ಥಾಪಕಿ. ಇನ್ನೇನು, ತಂಗಿಯನ್ನು ತಲೆ ಮೇಲೆ ಕೂರಿಸಿಕೊಂಡಿರುತ್ತಾಳೆ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ, ಹೊಟ್ಟೆ ಉರಿಯುತ್ತಿರುವುದು ನನ್ನದು.

ಕಾರಣ ಡಬ್ಬಿಯವನು. ಆ ಹೆಸರಿಟ್ಟವಳೂ ನಾನೇ. ಖಾಲಿ ಬಿಸ್ಕತ್ತಿನ ಡಬ್ಬಿಗಳಿಗೆ ತಂತಿ ಬಿಗಿದು ಅದರ ಮೇಲೆ ಒದ್ದೆ ಬೆರಳು ಎಳೆಯುತ್ತಾನೆ. ರಾಗವಿಲ್ಲ, ತಾಳವಿಲ್ಲ. ಪಕ್ಕದ ಕೋಣೆಯಲ್ಲಿ ಸೊಳ್ಳೆ ಹಾಡಿದಷ್ಟು ಸದ್ದು. ನಾನು ಬಾಯಿಬಿಟ್ಟು ಕೇಳಿದ್ದ ಶನಿವಾರದ ಸಂಜೆಯನ್ನು ಅಕ್ಕ ಅವನಿಗೆ ಕೊಟ್ಟುಬಿಟ್ಟಳು.

"ಅವನನ್ನ ಬೇರೆ ಯಾರೂ ಕರೆಯಲ್ಲ ಕಣೆ," ಎಂದಳು.

"ಯಾಕೆ ಕರೆಯಲ್ಲ ಅಂತ ಯೋಚನೆ ಮಾಡಿದ್ಯಾ?" ಎಂದೆ.

ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಆ ವಾರ ಅವಳ ಸಡಗರ ನೋಡಬೇಕಿತ್ತು. ಬಾಗಿಲುಗಳ ಕೀಲುಗಳಿಗೆ ಎಣ್ಣೆ ಹಾಕಿಸಿದಳು. ಕಿರುಗುಟ್ಟುವ ಕುರ್ಚಿಗಳನ್ನು ತಾನೇ ಕೂತು ಎದ್ದು ಗುರುತಿಸಿ ಹೊರಗೆ ಹಾಕಿಸಿದಳು. ಮಿಕ್ಸಿ ಮುಟ್ಟಬೇಡ ಎಂದು ಕ್ಯಾಂಟೀನಿನವನಿಗೆ ತಾಕೀತು ಮಾಡಿದಳು. "ಜನ ಎದ್ದು ಹೋದ್ರೆ ಇಂಥ ಕಾರ್ಯಕ್ರಮ ಇದೇ ಕೊನೆ," ಎಂದು ಆಡಳಿತ ಮಂಡಳಿಯ ಅಧ್ಯಕ್ಷರು ಹೇಳಿದರೆ, "ಆಗ್ಲಿ ಸಾರ್, ಆದ್ರೆ ಅವತ್ತು ಫ್ಯಾನ್ ಆಫ್ ಮಾಡೋಕೆ ಒಪ್ಪಿಗೆ ಕೊಡಿ," ಎಂದಳಂತೆ.

ಫ್ಯಾನು! ಅಲ್ಲಿಯ ಮುದಿ ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಗುರುಗುಟ್ಟುತ್ತವೆ. ಅವುಗಳ ಕೆಳಗೆ ನಾನು ವರ್ಷಗಟ್ಟಲೆ ಗಂಟಲು ಹರಿದುಕೊಂಡು ಹಾಡಿದ್ದೇನೆ. ಒಂದು ದಿನವಾದರೂ ನನಗೋಸ್ಕರ ಒಂದು ಫ್ಯಾನು ನಿಲ್ಲಿಸಿದವಳಲ್ಲ ಈ ಮಹಾತಾಯಿ. ಮೈಯೆಲ್ಲ ಉರಿದುಹೋಯಿತು.

ಶನಿವಾರ ಮನೆಯಲ್ಲಿ ಕೂರಲಾಗದೆ ಹೋದೆ. ಸೆಕೆಗೆ ಸಭೆಯೆಲ್ಲ ಬೆವರುತ್ತಿತ್ತು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು ಕತ್ತು ಒರೆಸಿಕೊಂಡೇ ಇದ್ದರು. ಡಬ್ಬಿಯವನು ಬೆರಳೆಳೆದ. ಮೊದಲು ಏನೂ ಕೇಳಲಿಲ್ಲ. ಆಮೇಲೆ ಎಳೆ ಎಳೆಯಾಗಿ ಒಂದು ಸ್ವರ ಎದ್ದಿತು. ಚೆನ್ನಾಗಿತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಒಬ್ಬರೂ ಏಳಲಿಲ್ಲ. ಅಧ್ಯಕ್ಷರು ಸಮೇತ ಎಲ್ಲರೂ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಿದ್ದರು. ನನ್ನ ಹಾಡಿಗೆ ಯಾರೂ ಯಾವತ್ತೂ ಹಾಗೆ ಬಾಗಿದವರಲ್ಲ.

ನಾನು ಎದ್ದೆ. ಸ್ವಿಚ್ಚುಗಳಿರುವುದು ವೇದಿಕೆಯ ಪಕ್ಕದ ಸಣ್ಣ ಕೋಣೆಯಲ್ಲಿ. ಒಂದು ಬೆರಳು ಒತ್ತಿದರೆ ಸಾಕು, ಅವನ ಸಂಗೀತ ಗಿರಣಿಗೆ ಬೀಳುತ್ತದೆ. ಬಾಗಿಲು ತಳ್ಳಿದೆ. ಎಣ್ಣೆಯ ಪ್ರಭಾವ, ಸದ್ದೇ ಆಗಲಿಲ್ಲ.

ಒಳಗೆ ಅಕ್ಕ ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತಿದ್ದಳು.

"ಬಂದೇ ಬರ್ತೀಯ ಅಂತ ಗೊತ್ತಿತ್ತು," ಎಂದು ಪಿಸುಗುಟ್ಟಿದಳು.

"ನಂಗೆ ಯಾವತ್ತಾದ್ರೂ ಒಂದು ಫ್ಯಾನ್ ನಿಲ್ಲಿಸಿದ್ಯಾ ನೀನು?"

"ನಿಂಗ್ಯಾಕೆ? ಬಸ್ ಸ್ಟ್ಯಾಂಡಲ್ಲಿ ನಿಂತು ಹಾಡಿದ್ರೂ ನಿನ್ನ ಧ್ವನಿ ಕೇಳುತ್ತೆ. ಚಿಕ್ಕವಳಿದ್ದಾಗಿಂದ ಹಾಗೇ. ನೀನು ಬಾಯಿ ತೆಗೆದ್ರೆ ಅಮ್ಮ ಕೈಲಿದ್ದ ಕೆಲಸ ಬಿಟ್ಟು ಓಡಿ ಬರೋಳು. ನಾನು ಜ್ವರ ಬಂದು ಮಲಗಿ ಕರೆದ್ರೂ ಯಾರಿಗೂ ಕೇಳ್ತಿರಲಿಲ್ಲ." ಅವಳು ಮುಖ ತಿರುಗಿಸಿದಳು. "ನಿನ್ನ ಕಂಡ್ರೆ ನಂಗೆ ಎಷ್ಟು ಹೊಟ್ಟೆಕಿಚ್ಚಿತ್ತು ಗೊತ್ತಾ? ಈಗ್ಲೂ ಇದೆ."

ಆಮೇಲೆ ಎದ್ದು ಪಕ್ಕಕ್ಕೆ ಸರಿದಳು. "ಹಾಕೋದಿದ್ರೆ ಹಾಕು. ನಿನ್ನ ಹತ್ರ ಜಗಳ ಆಡೋಕಂತೂ ನನಗೆ ಗಂಟಲಿಲ್ಲ."

ಸ್ವಿಚ್ಚು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ನಾನು ಒತ್ತಲಿಲ್ಲ. ಅದನ್ನು ನನ್ನ ದೊಡ್ಡತನ ಎಂದುಕೊಳ್ಳಬೇಡಿ. ಇಷ್ಟು ವರ್ಷ ಇವಳು ನನ್ನನ್ನು ಕಂಡು ಕರುಬುತ್ತಿದ್ದಳು ಎನ್ನುವ ಖುಷಿಗೆ ನನ್ನ ಕೈಕಾಲೇ ಆಡಲಿಲ್ಲ.

ಸ್ಟೂಲು ಎಳೆದುಕೊಂಡು ಅವಳ ಹತ್ತಿರ ಕೂತೆ.

"ಇನ್ನೊಂದ್ಸಲ ಹೇಳಕ್ಕ," ಎಂದೆ.