ಸೊಣ್ಣಮ್ಮನ ಬೆನ್ನ ಮೇಲಿನ ಸುಣ್ಣದ ಬೊಟ್ಟು

ಸೊಣ್ಣಮ್ಮನ ಹಟ ಅಂದರೆ ಉಡದ ಪಟ್ಟು. ಅನುಗೊಂಡನಹಳ್ಳಿ ಪಕ್ಕದ ಜಲ್ಲಿ ಮಿಷನ್ನಿನ ಬಾಯಿಗೆ ವರ್ಷಾನುಗಟ್ಟಲೆ ಕಲ್ಲು ಸುರಿದ ಹೆಂಗಸು ಅವಳು. ಈಗ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಅದೆಲ್ಲ ಒಲೆ ಹೊಗೆಯಿಂದ ಬಂದ ಕೆಮ್ಮು ಅಂದ ಮಾಲೀಕ ಪಿಳ್ಳಪ್ಪ, ಮುದುಕಿಯನ್ನು ಕೆಲಸ ಬಿಡಿಸಿ ಅದೇ ಜಾಗಕ್ಕೆ ಸೊಸೆ ಕದಿರಮ್ಮನನ್ನು ಕರೆದ. ಧೂಳು ಎದೆ ತಿನ್ನುತ್ತೆ, ಹೋಗಬೇಡ ಅಂತ ಅತ್ತೆ ಬಡಕೊಂಡಳು. ಸೊಸೆಗೆ ಅದು ಹೊಟ್ಟೆಕಿಚ್ಚಾಗಿ ಕಂಡಿತು. ಬುಟ್ಟಿ ಹಿಡಿದು ಹೊರಟೇಬಿಟ್ಟಳು. ಅತ್ತೆ ಮಾತು ಯಾವ ಸೊಸೆಗೆ ರುಚಿಸೀತು ಹೇಳಿ!

ಎಪ್ಪತ್ತಾರನೇ ಇಸವಿ ಅದು. ಬೆಂಗಳೂರಿನ ಇಂಜಿನಿಯರ್ ವೆಂಕಟರಾಮಪ್ಪ ಅವತ್ತೇ, ಧೂಳಿನಲ್ಲಿ ದುಡಿಯುವವರ ಎದೆ ಪರೀಕ್ಷೆಗೆಂದು ಜೀಪಿನಲ್ಲಿ ಒಂದು ಪೆಟ್ಟಿಗೆ ತಂದಿದ್ದ. ಬೆನ್ನಿಗೆ ಮೈಕು ಒತ್ತಿದರೆ ಅದು ಎದೆಬಡಿತವನ್ನು ಸೋಸಿ ತೆಗೆದು, ಉಸಿರಿನ ಸದ್ದನ್ನಷ್ಟೇ ಕಾಗದದ ಮೇಲೆ ಗೆರೆಯಾಗಿ ಎಳೆಯುತ್ತಿತ್ತು. ಒಳ್ಳೆ ಉಸಿರಿಗೆ ನುಣ್ಣನೆ ಗೆರೆ, ಕೆಟ್ಟದ್ದಕ್ಕೆ ಜಾಲಿಮುಳ್ಳು. ಸೊಸೆಯ ಹಿಂದೆಯೇ ಬಂದಿದ್ದ ಸೊಣ್ಣಮ್ಮನದು ಬರೀ ಮುಳ್ಳು. ಅದು ನಮ್ಮ ಮಿಷನ್ ಸದ್ದು ಅಂತ ಪಿಳ್ಳಪ್ಪ ನಕ್ಕ. ಕದಿರಮ್ಮನೂ ಹೂಂಗುಟ್ಟಿದಳು.

ಸದ್ದಿಲ್ಲದ ಕಡೆ, ಸ್ಕೂಲಿಗೆ ಹೋಗೋಣ ಅಂದ ಇಂಜಿನಿಯರ್. ಸೊಣ್ಣಮ್ಮ ಸೀದಾ ಹೋಗಿ ಕಲ್ಲು ಸುರಿಯುವ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಇಲ್ಲೇ ತೆಗೀರಿ, ನನ್ ಸೊಸೆ ಕಣ್ಮುಂದೆ. ಮಿಷನ್ ನಿಲ್ಲೋಗಂಟ ಏಳಾಕಿಲ್ಲ."

ಪಿಳ್ಳಪ್ಪ ಬಾಯಿಗೆ ಬಂದಂತೆ ಬೈದ. ಜಪ್ಪಯ್ಯ ಅಂದರೂ ಅವಳು ಅಲ್ಲಾಡಲಿಲ್ಲ. ಕಲ್ಲು ಬೀಳದೆ ಮಿಷನ್ ಖಾಲಿ ಓಡಿದರೆ ಡೀಸೆಲ್ ದಂಡ. ಕೊನೆಗೆ ಅವನೇ ನಿಲ್ಲಿಸಿದ. ಕಲ್ಲು ಹೊರುವ ಉಳಿದ ಹೆಂಗಸರೂ ಬುಟ್ಟಿ ಇಳಿಸಿ ಸುತ್ತ ನಿಂತರು.

ರವಿಕೆ ತೊಡದ ಬೆನ್ನು ಅವಳದು. ಇಂಜಿನಿಯರ್ ಮೈಕನ್ನು ಸರಿಸುತ್ತಾ ಹೋದ. ಮುಳ್ಳು ಎದ್ದ ಕಡೆಯೆಲ್ಲ ಅವಳದೇ ಎಲೆಅಡಿಕೆ ಚೀಲದ ಸುಣ್ಣದಿಂದ ಬೊಟ್ಟಿಟ್ಟ. ಮಿಷನ್ ಬಾಯಿ ಮುಚ್ಚಿದ್ದರೂ ಮುಳ್ಳು ಏಳುವುದು ನಿಲ್ಲಲಿಲ್ಲ. ಬೆನ್ನ ಎರಡೂ ಕಡೆ ಬೊಟ್ಟು ತುಂಬಿತು.

ಕದಿರಮ್ಮ ಪೆಟ್ಟಿಗೆಯ ಹೆಡ್‌ಫೋನು ಕಿವಿಗಿಟ್ಟುಕೊಂಡಳು. ತರಗೆಲೆ ತುಳಿದ ಹಾಗೆ ಚಟಚಟ. ಅತ್ತೆಯ ಮಾತು ನಂಬದೆ ಹೋದೆನಲ್ಲ ಅಂತ ನಾಚಿಕೆಯಾಗಿ ಅವಳ ಕಣ್ಣು ತುಂಬಿತು.

"ಆಯ್ತಲ್ಲ ನಾಟ್ಕ? ಸುಣ್ಣ ತೊಳ್ಕೊಂಡು ಮನೇಗ್ ನಡಿ," ಅಂದ ಪಿಳ್ಳಪ್ಪ. ಮಿಷನ್ ಶುರು ಮಾಡಿಸಿ, ಕದಿರಮ್ಮನಿಗೆ ಬುಟ್ಟಿ ಎತ್ತಲು ಹೇಳಿದ.

"ತೊಳ್ಯಾಕಿಲ್ಲ. ಊರೆಲ್ಲ ನೋಡ್ಲಿ," ಅಂದಳು ಸೊಣ್ಣಮ್ಮ. ಸೆರಗು ಹೊದೆಯದೆ, ಏದುಸಿರು ಬಿಡುತ್ತಲೇ ಊರ ಕಡೆ ನಡೆದಳು.

ಕದಿರಮ್ಮ ಬುಟ್ಟಿ ಎತ್ತಿದಳು. ತಂದು ಪಿಳ್ಳಪ್ಪನ ಕಾಲ ಬಳಿ ಬೋರಲು ಹಾಕಿದಳು.

"ನೀವೇ ಸುರೀರಿ ಗೌಡ್ರೇ. ಆಮೇಲೆ ನಿಮ್ ಬೆನ್ನು ನೋಡಾನ."

ಅತ್ತೆಯ ಹಿಂದೆಯೇ ಹೊರಟಳು. ಉಳಿದ ಹೆಂಗಸರ ಬುಟ್ಟಿಗಳೂ ನೆಲದಲ್ಲೇ ಇದ್ದವು. ಮಿಷನ್ ಖಾಲಿ ಓಡುತ್ತಿತ್ತು.