ಸೋನುಬಾಯಿ ತೋರಿಸದ ಗಿಡ

ಕಂಪ್ಯೂಟರ್ ಹೊತ್ತುಕೊಂಡು ಕಾಡಿನ ಮದ್ದು ಹುಡುಕಲು ಬರುವವರನ್ನು ನಾನು ಇವತ್ತಿಗೂ ನಂಬುವುದಿಲ್ಲ. ಹಂದಿ ಹೊಡೆಯಲು ಬಂದವನು ಬಂದೂಕನ್ನಾದರೂ ತೋರಿಸುತ್ತಾನೆ. ಇವರ ಕೈಯಲ್ಲಿ ಏನಿದೆಯೋ ಯಾರಿಗೆ ಗೊತ್ತು?

ಎರಡು ಸಾವಿರದ ಐದರ ಮಾತು. ಆಗ ದಾಂಡೇಲಿಯಲ್ಲಿ ನನ್ನದೊಂದು ಬಾಡಿಗೆ ಜೀಪಿತ್ತು. ಹರೀಶ ಅಂತ ಒಬ್ಬ ಸಂಶೋಧಕ ಅದನ್ನು ಹತ್ತಿ ಕುಂಬಾರವಾಡದ ಕಡೆ ಹೊರಟ. ಅಲ್ಲಿ ಸಿದ್ದಿ ಜನಾಂಗದ ಹೆಂಗಸು ಸೋನುಬಾಯಿ ಸಕ್ಕರೆ ಕಾಯಿಲೆಗೆ ಮದ್ದು ಕೊಡುತ್ತಿದ್ದಳು. ಅವಳ ಗಂಡ ಪೆದ್ರು ನನ್ನ ಹಳೆಯ ದೋಸ್ತ. ಅವನಿಗೂ ಸಕ್ಕರೆ ಕಾಯಿಲೆ, ಅವನೂ ಅದೇ ಮದ್ದಿನ ಕಷಾಯ ಕುಡಿಯುತ್ತಿದ್ದ.

ದಾರಿಯಲ್ಲಿ ಹರೀಶ ವಿವರಿಸಿದ: "ಗಿಡ ಯಾವ್ದಂತ ಗೊತ್ತಾದ್ರ ಸಾಕ್ರಿ. ಅದರಾಗ ಏನೇನು ರಸಾಯನ ಐತಿ ಅಂತ ಯಾರೋ ಮೊದಲ ತಗದಿರ್ತಾರ. ಅದು ರೋಗದ ಬೀಗಕ್ಕ ಕೀಲಿ ಆಗತೈತೋ ಇಲ್ಲೋ, ಕಂಪ್ಯೂಟರ್‌ನಾಗ ಕೂಡಿಸಿ ನೋಡ್ತೀವಿ. ವಿಷ ಇದ್ರೂ ಸುಳಿವು ಸಿಗತೈತಿ."

"ಯಾರಿಗೂ ಕುಡಿಸದನ?"

"ಕುಡಿಸದನ."

"ಹಂಗಾರ ಅಡಿಗಿ ಬಾಯಾಗ ಇಡದನ ಉಪ್ಪು ಕಡಿಮಿ ಅಂದಂಗಾತಲ್ಲೋ ಸಾಹೇಬ!"

ಹರೀಶ ಗಿಡ ಕೇಳಿದ ಕೂಡಲೇ ಸೋನುಬಾಯಿ ಹಿತ್ತಲಿಗೆ ಹೋಗಿ ಒಂದು ಟೊಂಗೆ ಮುರಿದು ತಂದುಕೊಟ್ಟಳು. ಪೆದ್ರು ಗೋಡೆಯತ್ತ ತಿರುಗಿ ನಕ್ಕ. ನನಗೂ ಗೊತ್ತಿತ್ತು. ಮದ್ದಿನ ಗಿಡವನ್ನು ಹೊರಗಿನವರಿಗೆ ತೋರಿಸಿದರೆ ಅದರ ಗುಣ ಸಾಯುತ್ತದೆ ಎಂದು ಅವಳ ಮನೆತನದ ನಂಬಿಕೆ. ಕೇಳಿ ಬಂದವರನ್ನು ಬರಿಗೈಯಲ್ಲೂ ಕಳಿಸಬಾರದಲ್ಲ, ಅದಕ್ಕೆ ಬೇರೆ ಯಾವುದೋ ಸೊಪ್ಪು ಕೊಟ್ಟು ಕಳಿಸುತ್ತಾಳೆ. ಅವತ್ತು ಕೊಟ್ಟದ್ದು ಎಮ್ಮೆಯ ಮೈಮೇಲಿನ ಉಣ್ಣಿಹುಳಕ್ಕೆ ಹಚ್ಚುವ ಸೊಪ್ಪು.

ಮಳೆಗಾಲ ಮುಗಿದ ಮೇಲೆ ಹರೀಶ ಮತ್ತೆ ಬಂದ. ಅಷ್ಟರಲ್ಲಿ ಪೆದ್ರುವಿನ ಕಾಲ್ಬೆರಳಿಗೆ ಗಾಯವಾಗಿ, ಅದು ಮಾಯದೆ ಕಪ್ಪಗಾಗಿತ್ತು. ಹರೀಶ ಜಗುಲಿಯ ಮೇಲೆ ಕಂಪ್ಯೂಟರ್ ತೆರೆದ.

"ಬಾಯಾರ, ನೀವು ಕೊಟ್ಟ ಗಿಡ ಸಕ್ಕರಿಗೆ ಏನೂ ಮಾಡೂದಿಲ್ಲ ಅಂತ ಕಾಣಸ್ತೈತಿ. ಅದರ ಮ್ಯಾಲ, ಲಿವರಿಗೆ ವಿಷ ಆದೀತು. ಯಾರಿಗೂ ಕುಡಿಸಬ್ಯಾಡ್ರಿ."

ಮಗಳು ರೀಟಾ ಒಲೆಯ ಮೇಲಿನ ಕಷಾಯದ ಗಡಿಗೆಯನ್ನು ಸರಕ್ಕನೆ ಇಳಿಸಿದಳು. "ಆಯಿ, ಅಪ್ಪಗ ವಿಷ ಹಾಕಾಕತ್ತಿಯೇನ?"

ನಾನು ಸೋನುಬಾಯಿಯನ್ನು ಪಕ್ಕಕ್ಕೆ ಕರೆದೆ. "ಇದು ನಾಟಕ. ಖರೇ ಗಿಡ ಹೊರಗ ತಗ್ಯಾಕ ಹೂಡಿದ ಆಟ. ಬಾಯಿ ಬಿಡಬ್ಯಾಡ."

"ನನಗೂ ಹಂಗ ಅನಸತೈತಿ. ಇಲಿ ಹೊರಗ ಬರಲಿ ಅಂತ ಹೊಗಿ ಹಾಕ್ಯಾನ."

ಆದರೆ ರೀಟಾ ಗಡಿಗೆ ಬಿಡಲಿಲ್ಲ. ಕೊನೆಗೆ ಸೋನುಬಾಯಿ ಬಾಯಿಬಿಟ್ಟಳು: "ಅದು ಎಮ್ಮಿ ಉಣ್ಣಿ ಸೊಪ್ಪು. ನಿಮ್ಮಪ್ಪ ಕುಡಿಯೂದು ಬ್ಯಾರೆ."

ಹರೀಶನ ಮುಖ ನೋಡಬೇಕಿತ್ತು!

"ಆ ಬ್ಯಾರೆದ್ರಾಗ ವಿಷ ಇಲ್ಲೇನ್ರಿ?" ರೀಟಾ ಅವನನ್ನೇ ಕೇಳಿದಳು.

"ಗೊತ್ತಿಲ್ಲವ್ವಾ. ಗಿಡ ನೋಡದ ನಾ ಏನೂ ಹೇಳಾಂಗಿಲ್ಲ. ನೋಡಿದ್ರೂ ಕಂಪ್ಯೂಟರ್ ಹೇಳೂದು ಬರೇ ಅಂದಾಜು. ಈ ಕಾಲು ಮಾತ್ರ ಇವತ್ತ ಡಾಕ್ಟರ್ ನೋಡಬೇಕು."

"ನಾ ದವಾಖಾನಿಗೆ ಬರಾಂವಲ್ಲ," ಪೆದ್ರು ಗುಡುಗಿದ. "ಅಲ್ಲಿ ಕಾಲು ಕೊಯ್ತಾರ. ನನ್ನ ಹೆಂಡ್ತಿ ಮದ್ದು ಇರೂತನಕ ನಾ ಹೊಸ್ತಿಲ ದಾಟೂದಿಲ್ಲ."

ಸೋನುಬಾಯಿ ಆ ಕಪ್ಪು ಬೆರಳನ್ನು ನೋಡುತ್ತ ನಿಂತಳು. ಆಮೇಲೆ ಹಿತ್ತಲು ದಾಟಿ ಕಾಡಿನೊಳಗೆ ಹೋದಳು. ಮರಳಿ ಬಂದಾಗ ಕೈಯಲ್ಲಿ ಬೇರು ಸಮೇತ ಒಂದು ಬಳ್ಳಿ. ಎಲ್ಲರ ಕಣ್ಣೆದುರಿಗೆ ಅದನ್ನು ಹರೀಶನ ಅಂಗೈಯಲ್ಲಿ ಇಟ್ಟಳು.

"ಏ ಸೋನಾ! ಏನ ಮಾಡಿದಿ?" ಪೆದ್ರು ಕೂಗಿದ.

"ಮದ್ದು ಸತ್ತತು," ಎಂದು ಅವಳು ಗಡಿಗೆಯನ್ನು ಅಂಗಳಕ್ಕೆ ಸುರುವಿದಳು. "ಇನ್ನ ನಿನಗ ಕುಡಿಯಾಕ ಇಲ್ಲಿ ಏನೂ ಉಳಿದಿಲ್ಲ. ಜಾವೇದ, ಗಾಡಿ ಚಾಲೂ ಮಾಡು."

ಪೆದ್ರುವನ್ನು ನಾನೂ ರೀಟಾಳೂ ಎತ್ತಿ ಮುಂದಿನ ಸೀಟಿಗೆ ಹಾಕಿದೆವು. ದವಾಖಾನೆಯ ದಾರಿಯುದ್ದಕ್ಕೂ ಅವನು ನನ್ನ ವಂಶವನ್ನೆಲ್ಲ ಬೈದ. ನನ್ನ ಕಣ್ಣು ಮಾತ್ರ ಕನ್ನಡಿಯಲ್ಲಿತ್ತು. ಹಿಂದೆ ಕೂತ ಹರೀಶ ಬಳ್ಳಿಯನ್ನು ಒದ್ದೆ ಕರವಸ್ತ್ರದಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಒಮ್ಮೆಯಾದರೂ ಪೆದ್ರುವಿನ ಕಾಲಿನ ಕಡೆ ನೋಡಲಿಲ್ಲ.

"ನೋಡಿದೇನ ಅವನ್ನ?" ನನ್ನ ಬೆನ್ನ ಹಿಂದೆಯೇ ಕೂತಿದ್ದ ಸೋನುಬಾಯಿಗೆ ನಾನು ಮೆಲ್ಲಗೆ ಅಂದೆ.

"ನೋಡೇನಿ. ಅಂವ ಬಳ್ಳಿ ನೋಡ್ಕೋತ ಕುಂದ್ರಲಿ. ನೀ ರಸ್ತಾ ನೋಡಿ ಹೊಡಿ."